ಒಂದು ಕ್ರೀಮಿಗೆ ಹೋಗಿ ಐದು ತಂದ ದಿನ: ಸೌಂದರ್ಯ ಮಳಿಗೆಯ ಒಂದು ಪ್ರಕರಣ

ಅಕ್ಕ ಆ ಅಂಗಡಿಗೆ ಹೋಗಿದ್ದು ಒಂದೇ ಒಂದು ಮಾಯಿಶ್ಚರೈಸರ್ ತರಲು. ಹಳೆಯ ಡಬ್ಬಿ ಖಾಲಿಯಾಗಿತ್ತು, ಅಂಥದ್ದೇ ಇನ್ನೊಂದು ಬೇಕಿತ್ತು. ಐದು ನಿಮಿಷದ ಕೆಲಸ ಅಂದುಕೊಂಡು ನಾನೂ ಜೊತೆಗೆ ಹೋದೆ. ಹೊರಗೆ ಬರುವಾಗ 50 ನಿಮಿಷ ಆಗಿತ್ತು. ಚೀಲದಲ್ಲಿ ಐದು ಸಾಮಾನು ಇದ್ದವು: ಮಾಯಿಶ್ಚರೈಸರ್, ಸೀರಮ್, ಕಣ್ಣಿನ ಸುತ್ತ ಹಚ್ಚುವ ಕ್ರೀಮ್, ಸನ್‌ಸ್ಕ್ರೀನ್, ಜೊತೆಗೆ ಒಂದು ಲಿಪ್‌ಸ್ಟಿಕ್. ಅಕ್ಕ ಲಿಪ್‌ಸ್ಟಿಕ್ ಹಚ್ಚಿದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು.

ಅವಳು ಸುಲಭವಾಗಿ ಮರುಳಾಗುವವಳಲ್ಲ. ವಯಸ್ಸು 47. ಲೆಕ್ಕಪತ್ರ ನೋಡುವ ಕೆಲಸ. ಬಿಲ್ಲಿನ ಒಂದೊಂದು ಸಾಲನ್ನೂ ಓದಿಯೇ ದುಡ್ಡು ಕೊಡುವವಳು. ಟಿ.ವಿ.ಯಲ್ಲಿ ಕ್ರೀಮಿನ ಜಾಹೀರಾತು ಬಂದರೆ ಚಾನೆಲ್ ಬದಲಾಯಿಸುತ್ತಾಳೆ. ಅಂಥವಳಿಗೆ ಅಂಗಡಿಯೊಳಗೆ ಏನಾಯಿತು ಅನ್ನುವುದು ನನ್ನನ್ನು ಬಿಡದೆ ಕಾಡಿತು.

ಅವತ್ತು ಸಂಜೆಯೇ ಚೀಲವನ್ನು ಮುಂದಿಟ್ಟುಕೊಂಡು ಕೂತೆವು. ಒಂದೊಂದೇ ಸಾಮಾನು ಎತ್ತಿ, "ಇದನ್ನ ತಗೋಬೇಕು ಅಂತ ಯಾವಾಗ ಅನ್ನಿಸ್ತು?" ಎಂದು ಕೇಳಿದೆ. ಅಕ್ಕ ಮುಚ್ಚುಮರೆ ಇಲ್ಲದೆ ಹೇಳಿದಳು. ಎರಡು ದಿನ ಬಿಟ್ಟು ನಾನೊಬ್ಬಳೇ ಮತ್ತೆ ಅದೇ ಅಂಗಡಿಗೆ ಹೋದೆ. ಬೆಳಕು ಎಲ್ಲಿಂದ ಬೀಳುತ್ತದೆ, ಕನ್ನಡಿ ಎಲ್ಲಿದೆ, ಪೋಸ್ಟರ್ ಎಲ್ಲಿದೆ ಎಂದು ನೋಡಿ ಗುರುತು ಹಾಕಿಕೊಂಡೆ. ಈ ಬರಹ ಆ ಸಂಜೆಯ ಮಾತು ಮತ್ತು ಆ ಎರಡನೇ ಭೇಟಿಯಿಂದ ಹುಟ್ಟಿದ್ದು. ಅಕ್ಕ ಓದಿ ಒಪ್ಪಿದ್ದಾಳೆ.

ಬಾಗಿಲಿನಿಂದ ಪೋಸ್ಟರ್‌ವರೆಗೆ

ಮೊದಲು ಎದುರಾದದ್ದು ಪರಿಮಳ. ದೊಡ್ಡ ಮಳಿಗೆಗಳಲ್ಲಿ ಸೆಂಟು, ಕ್ರೀಮುಗಳ ವಿಭಾಗ ಸಾಮಾನ್ಯವಾಗಿ ಬಾಗಿಲ ಹತ್ತಿರವೇ ಇರುತ್ತದೆ. ಇದು ಹಳೆಯ ಪದ್ಧತಿ. ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ 1909ರಲ್ಲಿ ಲಂಡನ್ನಿನಲ್ಲಿ ಮಳಿಗೆ ತೆರೆದವನು. ಸೌಂದರ್ಯ ಸಾಮಗ್ರಿಯನ್ನು ನೆಲಮಹಡಿಗೆ, ಒಳಬರುವವರ ಕಣ್ಣಿಗೆ ಬೀಳುವ ಜಾಗಕ್ಕೆ ತಂದವರಲ್ಲಿ ಅವನ ಹೆಸರು ದೊಡ್ಡದು. ಮೂಗಿನ ಮೂಲಕ ಬಂದ ಸುದ್ದಿಗೆ ಮಿದುಳಿನಲ್ಲಿ ಒಂದು ಒಳದಾರಿ ಇದೆ. ಕಣ್ಣು, ಕಿವಿಗಳ ಸುದ್ದಿ ಮೊದಲು ಥಲಾಮಸ್ ಎಂಬ ಭಾಗವನ್ನು ದಾಟಬೇಕು. ವಾಸನೆ ಹಾಗಲ್ಲ, ಅದು ಭಾವನೆಗೆ ಸಂಬಂಧಿಸಿದ ಅಮಿಗ್ಡಲಾವನ್ನು ನೇರವಾಗಿ ಮುಟ್ಟುತ್ತದೆ. "ಒಳಗೆ ಹೋದ ತಕ್ಷಣ ಭುಜ ಸಡಿಲ ಆಯ್ತು ಕಣೇ" ಅಂದಳು ಅಕ್ಕ. ಇನ್ನೂ ಒಂದು ಅಕ್ಷರ ಓದಿರಲಿಲ್ಲ, ಆಗಲೇ ಮನಸ್ಸು ಮೆತ್ತಗಾಗಿತ್ತು.

ಅವಳಿಗೆ ಬೇಕಿದ್ದ ಮಾಯಿಶ್ಚರೈಸರ್ ಕೊನೆಯ ಗೋಡೆಯ ಶೆಲ್ಫಿನಲ್ಲಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ಆಳೆತ್ತರದ ಒಂದು ಪೋಸ್ಟರ್. ಒಬ್ಬ ಹೆಣ್ಣಿನ ಮುಖ, ಅಷ್ಟೇ. ಅದರ ಪಕ್ಕದಲ್ಲಿ ಒಂದು ಗೇಣು ಜಾಗ ಬಿಟ್ಟು, ಅಷ್ಟೇ ಎತ್ತರದ ಕನ್ನಡಿ.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ಆರಂಭ ಇಲ್ಲೇ. ಟಿ.ವಿ.ಯಲ್ಲೋ ಪತ್ರಿಕೆಯಲ್ಲೋ ಅಂಥ ಮುಖ ಕಂಡಾಗ ನಮ್ಮ ಮುಖ ನಮ್ಮೆದುರು ಇರುವುದಿಲ್ಲ. ಅಂಗಡಿಯಲ್ಲಿ ಎರಡೂ ಒಂದೇ ನೋಟದಲ್ಲಿ ಸಿಗುತ್ತವೆ. ಮೂರನೆಯದಾಗಿ ಕ್ರೀಮು ಕೈಗೆಟುಕುವಷ್ಟು ದೂರದಲ್ಲಿ, ನಾಲ್ಕನೆಯದಾಗಿ ಬಿಲ್ಲಿನ ಕೌಂಟರ್ ಹತ್ತು ಹೆಜ್ಜೆಯಲ್ಲಿ. ಬೇರೆ ಯಾವ ಜಾಹೀರಾತಿಗೂ ಈ ಅನುಕೂಲ ಇಲ್ಲ.

ಎರಡನೇ ಸಲ ಹೋದಾಗ ಬೆಳಕನ್ನು ಗಮನಿಸಿದೆ. ಪೋಸ್ಟರಿನ ಮೇಲೆ ಎದುರಿನಿಂದ ಬೆಳಕು ಸಮನಾಗಿ ಬೀಳುತ್ತಿತ್ತು. ಕನ್ನಡಿ ಎದುರು ನಿಂತವರಿಗೆ ಮಾತ್ರ ದೀಪ ನೇರ ತಲೆಯ ಮೇಲೆ. ನೆತ್ತಿಯಿಂದ ಇಳಿಯುವ ಬೆಳಕು ಕಣ್ಣಿನ ಗುಳಿಯಲ್ಲಿ, ಮೂಗಿನ ಪಕ್ಕದ ಗೆರೆಯಲ್ಲಿ ನೆರಳು ಕೂರಿಸುತ್ತದೆ. ಎಂಥವರೂ ದಣಿದವರ ಹಾಗೆ ಕಾಣುತ್ತಾರೆ. ಒಳಗಡೆ ಕ್ರೀಮು ಹಚ್ಚಿ ತೋರಿಸುವ ಕೌಂಟರಿನ ಕನ್ನಡಿಗೆ ಮಾತ್ರ ಎರಡೂ ಬದಿಯಲ್ಲಿ ಮೆತ್ತನೆಯ ದೀಪಗಳು. ಅಲ್ಲಿ ನನ್ನ ಮುಖ ಏನೂ ಹಚ್ಚದೆಯೇ ಚೆನ್ನಾಗಿ ಕಂಡಿತು. ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ನಾನು ಹೇಳಲಾರೆ. ಆದರೆ ಆ ಅಂಗಡಿಯಲ್ಲಿ ನಡೆಯುವವರು ಮೊದಲು ಕೆಟ್ಟದಾಗಿ ಕಾಣುತ್ತಾರೆ, ಆಮೇಲೆ ಚೆನ್ನಾಗಿ ಕಾಣುತ್ತಾರೆ. ನಡುವೆ ಇರುವುದು ಕ್ರೀಮು. ಹಾಗಾಗಿ ಎಲ್ಲ ಹೆಸರೂ ಅದಕ್ಕೇ.

ಅಳೆಯಲು ಸರಿಯಾದ ಅಳತೆಗೋಲು ಇಲ್ಲದಿದ್ದಾಗ ಜನ ತಮ್ಮನ್ನು ಬೇರೆಯವರ ಪಕ್ಕ ಇಟ್ಟು ನೋಡಿಕೊಳ್ಳುತ್ತಾರೆ ಎಂದು ಲಿಯಾನ್ ಫೆಸ್ಟಿಂಗರ್ ಎಂಬ ಮನೋವಿಜ್ಞಾನಿ 1954ರಲ್ಲೇ ಬರೆದಿದ್ದರು. ಚೆಲುವಿಗೆ ಅಳತೆಗೋಲು ಎಲ್ಲಿದೆ? ಜಾಹೀರಾತಿನ ರೂಪದರ್ಶಿಗಳ ಜೊತೆ ಹೆಣ್ಣುಮಕ್ಕಳು ತಮ್ಮನ್ನು ಹೋಲಿಸಿಕೊಳ್ಳುವುದನ್ನು ಮಾರ್ಷಾ ರಿಚಿನ್ಸ್ 1991ರಲ್ಲಿ ಅಧ್ಯಯನ ಮಾಡಿ, ಅಂಥ ಚಿತ್ರ ನೋಡಿದ ಮೇಲೆ ತಮ್ಮ ರೂಪದ ಬಗ್ಗೆ ಇರುವ ತೃಪ್ತಿ ಕಡಿಮೆಯಾಗುತ್ತದೆ ಎಂದು ತೋರಿಸಿದರು.

"ಆ ಫೋಟೋ ತಿದ್ದಿದ್ದು ಅಂತ ನಿನಗೆ ಗೊತ್ತಿರಲಿಲ್ವಾ?" ಎಂದು ಅಕ್ಕನನ್ನು ಕೇಳಿದೆ.

"ಗೊತ್ತಿತ್ತು. ಆದ್ರೆ ಕಣ್ಣು ಕೇಳಲಿಲ್ಲ."

ಈ ಮಾತನ್ನು ನಾನು ತುಂಬಾ ಯೋಚಿಸಿದ್ದೇನೆ. ತಿದ್ದಿದ ಚಿತ್ರಗಳ ಬಗ್ಗೆ ತಿಳಿಸಿ ಹೇಳಿದರೆ ಸಾಕು, ಜನ ಮೋಸ ಹೋಗುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಅಕ್ಕನಿಗೆ ತಿಳಿವಳಿಕೆ ಇತ್ತು. ಆದರೆ ಕಣ್ಣು ಎರಡು ಮುಖಗಳನ್ನು ತೂಗಿ ಮುಗಿಸಿದ ಮೇಲೆ ಅದು ಬಂತು.

ಯಂತ್ರ ತೋರಿಸಿದ ಚುಕ್ಕೆಗಳು

ಮಾಯಿಶ್ಚರೈಸರ್ ಕೈಗೆ ತಗೊಂಡು ತಿರುಗುವಷ್ಟರಲ್ಲಿ ಬಿಳಿ ಕೋಟಿನ ಹುಡುಗಿ ನಗುತ್ತಾ ಎದುರು ನಿಂತಿದ್ದಳು. "ಮೇಡಂ, ಎರಡು ನಿಮಿಷ. ಫ್ರೀ ಸ್ಕಿನ್ ಟೆಸ್ಟ್ ಇದೆ, ನೋಡ್ಕೊಂಡು ಹೋಗಿ."

ಬಿಳಿ ಕೋಟು ಅಂದರೆ ನಮಗೆ ನೆನಪಾಗುವುದು ಆಸ್ಪತ್ರೆ. ಸೌಂದರ್ಯದ ಕೌಂಟರಿಗೆ ಅದನ್ನು ತಂದ ಹೆಸರುವಾಸಿ ಕಂಪನಿ ಕ್ಲಿನೀಕ್. 1968ರಲ್ಲಿ ಶುರುವಾದ ಆ ಬ್ರ್ಯಾಂಡ್ ಚರ್ಮದ ವೈದ್ಯರ ಜೊತೆ ಸೇರಿ ರೂಪಿಸಿದ್ದು ಎಂದು ಹೇಳಿಕೊಂಡು, ಕೌಂಟರಿನಲ್ಲಿ ನಿಲ್ಲುವವರಿಗೆ ಬಿಳಿ ಕೋಟು ಹಾಕಿಸಿತು. ಈಗ ಅದು ಎಷ್ಟೋ ಕಡೆ ರೂಢಿ. ಈ ಹುಡುಗಿ ವೈದ್ಯೆಯಲ್ಲ, ತಾನು ಹಾಗೆಂದು ಹೇಳಲೂ ಇಲ್ಲ. ಆದರೂ ಅಕ್ಕ ಅವಳೆದುರು ಕೂತ ರೀತಿ ರೋಗಿಯ ರೀತಿ. ಬೆನ್ನು ನೇರ, ಕೈ ಮಡಿಲಲ್ಲಿ.

ಗಲ್ಲವನ್ನು ಒಂದು ಪಟ್ಟಿಯ ಮೇಲಿಟ್ಟು ಕಣ್ಣು ಮುಚ್ಚಬೇಕು. ಎರಡು ಸಲ ಬೆಳಕು ಮಿಂಚಿತು. ಆಮೇಲೆ ಪರದೆಯ ಮೇಲೆ ಅಕ್ಕನ ಮುಖ ನೇರಳೆ ಬಣ್ಣದಲ್ಲಿ ಮೂಡಿತು. ಕೆನ್ನೆ, ಹಣೆ, ಮೂಗಿನ ಮೇಲೆಲ್ಲ ಕಂದು ಚುಕ್ಕೆಗಳು. ಬರಿಗಣ್ಣಿಗೆ ಕಾಣದವು. ಪಕ್ಕದಲ್ಲಿ ಒಂದು ಸಂಖ್ಯೆ: ಚರ್ಮದ ವಯಸ್ಸು 54.

ಅಕ್ಕ ಮಾತಾಡಲಿಲ್ಲ. ನಾನೂ ಒಂದು ಕ್ಷಣ ಬೆಚ್ಚಿದೆ.

ಆ ಚಿತ್ರ ಸುಳ್ಳಲ್ಲ. ಅದಕ್ಕೇ ಅದು ಇಷ್ಟು ಬಲವಾಗಿ ತಾಗುತ್ತದೆ. ಅತಿನೇರಳೆ ಬೆಳಕಿನಲ್ಲಿ ಚರ್ಮದ ಬಣ್ಣದ ಕಣಗಳು ಎದ್ದು ಕಾಣುತ್ತವೆ. ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ 1903ರಲ್ಲಿ, ಅತಿನೇರಳೆ ಬೆಳಕನ್ನು ಮಾತ್ರ ಹಾಯಿಸುವ ಗಾಜನ್ನು ರೂಪಿಸಿದ. 1925ರಿಂದ ವೈದ್ಯರು ಆ ದೀಪವನ್ನು ತಲೆಯ ಫಂಗಸ್ ಸೋಂಕು ಪತ್ತೆ ಮಾಡಲು ಬಳಸತೊಡಗಿದರು. ತೊನ್ನಿನಂಥ ತೊಂದರೆಯಲ್ಲಿ ಬಣ್ಣ ಎಲ್ಲೆಲ್ಲಿ ಹೋಗಿದೆ ಎಂದು ನೋಡಲು ಇವತ್ತಿಗೂ ಅದು ಉಪಯೋಗಕ್ಕೆ ಬರುತ್ತದೆ. ವೈದ್ಯರ ಕೈಯಲ್ಲಿ ಒಳ್ಳೆಯ ಸಾಧನ. ವೈದ್ಯರು ಚಿತ್ರ ತೋರಿಸಿದ ಮೇಲೆ ಅದರ ಅರ್ಥವನ್ನೂ ಹೇಳುತ್ತಾರೆ. ಅಂಗಡಿಯಲ್ಲಿ ಚಿತ್ರ ತೋರಿಸಿ ಬಾಟಲಿ ತೆಗೆದರು. ಬಿಸಿಲಲ್ಲಿ ಓಡಾಡಿದ ದೊಡ್ಡವರಲ್ಲಿ ಹೆಚ್ಚುಕಡಿಮೆ ಎಲ್ಲರ ಮುಖದಲ್ಲೂ ಇಂಥ ಚುಕ್ಕೆ ಕಾಣುತ್ತವೆ, ಬಹುಪಾಲು ಅದರಿಂದ ಏನೂ ಆಗುವುದಿಲ್ಲ ಎಂಬ ಒಂದು ಮಾತು ಬೇಕಿತ್ತು. ಅದು ಬರಲಿಲ್ಲ. ಎರಡನೇ ಸಲ ಹೋದಾಗ ನಾನೂ ಆ ಪಟ್ಟಿಯ ಮೇಲೆ ಗಲ್ಲ ಇಟ್ಟೆ. ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವಳು ನಾನು. ಚುಕ್ಕೆ ಅಷ್ಟೇ ಇದ್ದವು.

ಇನ್ನು ಆ 54. ಯಾವ ಲೆಕ್ಕದಿಂದ ಬಂತು, ಯಾರ ಚರ್ಮದ ಜೊತೆ ಹೋಲಿಸಿದರು ಎಂಬುದು ಪರದೆಯ ಮೇಲೆಲ್ಲೂ ಇರಲಿಲ್ಲ. ಆದರೆ ಅಕ್ಕ ದಿನವಿಡೀ ಸಂಖ್ಯೆಗಳ ಜೊತೆ ಬದುಕುವವಳು. ಮಾತನ್ನು ಅನುಮಾನಿಸುತ್ತಾಳೆ, ಅಂಕಿಯನ್ನು ನಂಬುತ್ತಾಳೆ. "ಪೋಸ್ಟರ್ ನೋಡಿ ಬೇಜಾರಾಯ್ತು ಅಷ್ಟೇ. ಇದನ್ನ ನೋಡಿ ಹೆದರಿಕೆ ಆಯ್ತು. ಏಳು ವರ್ಷ ಎಲ್ಲಿ ಹೋಯ್ತು ಅನ್ನಿಸ್ತು" ಅಂದಳು. ಸೀರಮ್ ಚೀಲಕ್ಕೆ ಬಿದ್ದದ್ದು ಆಗ. ಹುಡುಗಿ ಆ ನೇರಳೆ ಮುಖವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಮಡಚಿ, ಅಕ್ಕನ ಕೈಗೆ ಕೊಟ್ಟಳು.

ಅದೇ ಹೊತ್ತಲ್ಲಿ ಸನ್‌ಸ್ಕ್ರೀನ್ ಕೂಡ ಮಾರಾಟವಾಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಬಿಸಿಲಿನಿಂದ ಚರ್ಮಕ್ಕೆ ಆಗುವ ಹಾನಿ ನಿಜ, ಅದನ್ನು ಸನ್‌ಸ್ಕ್ರೀನ್ ಕಡಿಮೆ ಮಾಡುವುದೂ ನಿಜ. ಹೆದರಿಸದೆಯೂ ಹೇಳಬಹುದಿತ್ತು, ಅಲ್ವಾ?

"ನಿಮ್ಮನ್ನ ನೀವು ನೋಡ್ಕೊಂಡಿಲ್ಲ"

ಕಣ್ಣಿನ ಕ್ರೀಮಿನ ಕಥೆ ಬೇರೆ. ಹುಡುಗಿ ಅಕ್ಕನ ಎಡಗೆನ್ನೆಯನ್ನು ಒದ್ದೆ ಹತ್ತಿಯಿಂದ ಒರೆಸಿದಳು. ಸೀರಮ್, ಅದರ ಮೇಲೆ ಕ್ರೀಮು, ಬೆರಳ ತುದಿಯಿಂದ ನಿಧಾನಕ್ಕೆ ಹಚ್ಚತೊಡಗಿದಳು. ಹಚ್ಚುತ್ತಾ ಮೆಲ್ಲಗೆ ಹೇಳಿದಳು: "ನೀವು ಮನೇಲಿ ಎಲ್ಲರನ್ನೂ ನೋಡ್ಕೊಳ್ತೀರಾ ಅನ್ಸುತ್ತೆ ಮೇಡಂ. ನಿಮ್ಮನ್ನ ಮಾತ್ರ ನೀವು ನೋಡ್ಕೊಂಡಿಲ್ಲ."

ಅಕ್ಕನ ಕಣ್ಣು ತುಂಬಿತು. ನಮ್ಮ ಅಮ್ಮ ಹಾಸಿಗೆ ಹಿಡಿದ ಮೂರು ವರ್ಷ ಅವಳನ್ನು ನೋಡಿಕೊಂಡವಳು ಅಕ್ಕ. ಆ ಹುಡುಗಿಗೆ ಅದು ಗೊತ್ತಿರಲಿಲ್ಲ.

ಟೋರಿ ಹಿಗಿನ್ಸ್ ಎಂಬ ಮನೋವಿಜ್ಞಾನಿ 1987ರಲ್ಲಿ ಒಂದು ಉಪಯುಕ್ತ ಭೇದ ಮಾಡಿದರು. ನಾವು ಹೇಗಿದ್ದೇವೆ ಮತ್ತು ಹೇಗಿರಲು ಆಸೆಪಡುತ್ತೇವೆ, ಇವೆರಡರ ನಡುವಿನ ಅಂತರ ಕಂಡಾಗ ಮನಸ್ಸು ಕುಗ್ಗುತ್ತದೆ. ಹೇಗಿದ್ದೇವೆ ಮತ್ತು ಹೇಗಿರಬೇಕಾಗಿತ್ತು, ಇದರ ಅಂತರ ಕಂಡಾಗ ತಪ್ಪು ಮಾಡಿದ ಭಾವನೆ, ಚಡಪಡಿಕೆ ಹುಟ್ಟುತ್ತದೆ. ಪೋಸ್ಟರ್ ತೋರಿಸಿದ್ದು ಮೊದಲನೆಯದನ್ನು. ಅಂಥ ಮುಖ ನನಗೆ ಬೇಡ ಎಂದು ಅಕ್ಕ ಮುಂದೆ ನಡೆಯಬಹುದಿತ್ತು, ನಡೆದೂ ಬಿಟ್ಟಿದ್ದಳು. ಈ ಮಾತು ಕೆದಕಿದ್ದು ಎರಡನೆಯದನ್ನು. ಅದರಿಂದ ನಡೆದು ಹೋಗುವುದು ಕಷ್ಟ. ಚೆಂದ ಕಾಣುವ ಆಸೆ ಇಲ್ಲದವರೂ ತಮ್ಮನ್ನು ತಾವು ಕಡೆಗಣಿಸಿದ ತಪ್ಪು ಹೊರಲು ಇಷ್ಟಪಡುವುದಿಲ್ಲ.

ನೀನು ಇದಕ್ಕೆ ಯೋಗ್ಯಳು ಎನ್ನುವ ಮಾತು ಸೌಂದರ್ಯದ ಜಾಹೀರಾತಿಗೆ ಬಂದಾಗ ಅದರಲ್ಲಿ ಒಂದು ಗಟ್ಟಿತನ ಇತ್ತು. 1970ರ ದಶಕದ ಆರಂಭದಲ್ಲಿ ಐಲನ್ ಸ್ಪೆಕ್ಟ್ ಎಂಬ ಯುವತಿ ಲೋರಿಯಲ್ ಕೂದಲ ಬಣ್ಣಕ್ಕೆ ಆ ಸಾಲು ಬರೆದಳು. ಗಂಡಸರ ಕಣ್ಣಿಗೆ ಚೆಂದ ಕಾಣಲು ಅಂತಲ್ಲ, ನನಗೆ ಆ ಬೆಲೆ ಇದೆ, ಅದಕ್ಕೇ ಕೊಳ್ಳುತ್ತೇನೆ ಎಂದು ಹೆಣ್ಣು ತನ್ನ ಬಾಯಲ್ಲೇ ಹೇಳುವ ಜಾಹೀರಾತು ಅದು. ಕೌಂಟರಿನಲ್ಲಿ ನಾನು ಕೇಳಿದ್ದು ಅದರ ಮೊಮ್ಮಗಳಂಥ ಮಾತು. ಆದರೆ ದಾರಿಯಲ್ಲೆಲ್ಲೋ ಹಕ್ಕು ಹೋಗಿ ಕರ್ತವ್ಯ ಸೇರಿಕೊಂಡಿದೆ. ಎಲ್ಲರಿಗಾಗಿ ದುಡಿದ ಮೇಲೆ ಇನ್ನೊಂದು ಕೆಲಸ: ನಿನ್ನ ಕಣ್ಣಿನ ಸುತ್ತ ದಿನಕ್ಕೆರಡು ಸಲ ಹಚ್ಚಿಕೋ.

ಎಡಗೆನ್ನೆ ಮುಗಿದ ಮೇಲೆ ಹುಡುಗಿ ಕನ್ನಡಿ ಹಿಡಿದಳು. ಮೆತ್ತನೆಯ ದೀಪಗಳ ಕನ್ನಡಿ. ಎಡಗಡೆ ನುಣುಪು, ಬಲಗಡೆ ಹಾಗೇ. ವ್ಯತ್ಯಾಸ ನನಗೂ ಕಂಡಿತು. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ. ಡೈಮೆಥಿಕೋನ್ ಎಂಬ ಸಿಲಿಕೋನ್ ಸಣ್ಣ ಗೆರೆಗಳಲ್ಲಿ ತೆಳ್ಳಗೆ ಕೂತು ಮೇಲ್ಮೈಯನ್ನು ಸಮ ಮಾಡುತ್ತದೆ, ಬೆಳಕು ಒಂದೇ ಥರ ಚೆಲ್ಲುತ್ತದೆ. ಇದು ನಿಮಿಷಗಳಲ್ಲಿ ಆಗುವ ಕೆಲಸ, ತೊಳೆದರೆ ಹೋಗುತ್ತದೆ. ಅಕ್ಕ ತಗೊಳ್ಳಲು ಬಂದಿದ್ದ ಆ ಸಾದಾ ಮಾಯಿಶ್ಚರೈಸರ್ ಹಚ್ಚಿದ್ದರೂ ಒಣಗಿದ ಕೆನ್ನೆ ಸುಮಾರು ಹೀಗೇ ಕಾಣುತ್ತಿತ್ತು. ನ್ಯಾಯವಾದ ಪರೀಕ್ಷೆ ಅಂದರೆ ಒಂದು ಕೆನ್ನೆಗೆ ಹೊಸದು, ಇನ್ನೊಂದಕ್ಕೆ ಹಳೆಯದು. ಅಂಗಡಿಯಲ್ಲಿ ಹೊಸ ಕ್ರೀಮಿನ ಎದುರಾಳಿ ಬರೀ ಒಣ ಚರ್ಮ.

ಡಬ್ಬಿಯ ಮೇಲಿನ ಮಾತುಗಳನ್ನು ನೋಡಿದರೆ ಕಂಪನಿಗಳಿಗೂ ಈ ಮಿತಿ ಚೆನ್ನಾಗಿ ಗೊತ್ತಿದೆ. ಸುಕ್ಕು ಹೋಗುತ್ತದೆ ಎಂದು ಬರೆಯುವುದಿಲ್ಲ, ಸುಕ್ಕು ಕಾಣುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಅಮೆರಿಕದ 1938ರ ಕಾನೂನಿನ ಪ್ರಕಾರ ಕಾಂತಿವರ್ಧಕದ ಕೆಲಸ ಶುಚಿ ಮಾಡುವುದು, ಚೆಂದ ಕಾಣಿಸುವುದು, ನೋಟ ಬದಲಿಸುವುದು. ದೇಹದ ರಚನೆಯನ್ನೋ ಕೆಲಸವನ್ನೋ ಬದಲಿಸುತ್ತದೆ ಎಂದು ಹೇಳಿಕೊಂಡರೆ ಅದು ಔಷಧಿಯ ಪಾಲಿಗೆ ಹೋಗುತ್ತದೆ, ಆಮೇಲೆ ಔಷಧಿಯಷ್ಟೇ ಪುರಾವೆ ಕೊಡಬೇಕು. ಹಾಗಾಗಿ ಬರಹ ಹುಷಾರಾಗಿ ಇರುತ್ತದೆ. ಬೆರಳು, ಕನ್ನಡಿ, ನೇರಳೆ ಚಿತ್ರ ಮಾತ್ರ ಎಷ್ಟು ಬೇಕಾದರೂ ಹೇಳಬಹುದು.

ಆದರೆ ಇದೆಲ್ಲ ನಾನು ಹೇಳಿದಾಗ ಅಕ್ಕ ತಲೆಯಾಡಿಸಿ, ಬೇರೆಯೇ ಒಂದು ಮಾತು ಹೇಳಿದಳು.

"ಕ್ರೀಮಿನ ಬಗ್ಗೆ ನನಗೆ ಅಂಥಾ ನಂಬಿಕೆ ಏನಿರಲಿಲ್ಲ ಕಣೇ. ನನ್ನ ಮುಖಾನ ಯಾರಾದ್ರೂ ಅಷ್ಟು ಹೊತ್ತು ನೋಡಿ ಎಷ್ಟು ದಿನ ಆಗಿತ್ತು ಗೊತ್ತಾ?"

ಐದು ಸಾಮಾನಿನ ಲೆಕ್ಕದಲ್ಲಿ ನಾನು ಬಿಟ್ಟಿದ್ದದ್ದು ಇದನ್ನೇ. ಹೆದರಿಕೆ, ಹೋಲಿಕೆ, ತಪ್ಪಿನ ಭಾವನೆ ಎಲ್ಲ ಹುಡುಕಿದ್ದೆ. ಅವಳು ದುಡ್ಡು ಕೊಟ್ಟದ್ದು ಆ ಹತ್ತು ನಿಮಿಷದ ಗಮನಕ್ಕೆ. ಒಂದು ಮೃದುವಾದ ಕೈ ಅವಳ ಕೆನ್ನೆಯ ಮೇಲಿತ್ತು. ಅಷ್ಟು ಪಡೆದ ಮೇಲೆ ಬರಿಗೈಲಿ ಎದ್ದು ಬರುವುದು ಅವಳಿಗೆ ಸರಿ ಅನ್ನಿಸಲಿಲ್ಲ. ಕಣ್ಣಿನ ಕ್ರೀಮು ಅದರ ಋಣ.

ಋಣದ ಈ ಭಾವನೆಯ ಮೇಲೆ ಅಂಗಡಿಗಳು ಬಹಳ ಹಿಂದಿನಿಂದ ವ್ಯಾಪಾರ ಕಟ್ಟಿವೆ. 1946ರಲ್ಲಿ ಕಂಪನಿ ಶುರು ಮಾಡಿದ ಎಸ್ಟೀ ಲಾಡರ್, ಕೊಂಡವರಿಗೆ ಉಡುಗೊರೆ ಕೊಡುವ ಪದ್ಧತಿಯನ್ನು ಬೆಳೆಸಿದ್ದಕ್ಕೇ ಹೆಸರಾದವಳು. ಕೇಳದೆ ಸಿಕ್ಕ ಒಂದು ಬಾಟಲಿ ಕೋಲಾ ಕುಡಿದವರು, ಕೊಟ್ಟವನ ಹತ್ತಿರ ಹೆಚ್ಚು ಲಾಟರಿ ಟಿಕೆಟ್ ಕೊಳ್ಳುತ್ತಾರೆ ಎಂದು ಡೆನಿಸ್ ರೀಗನ್ 1971ರ ಪ್ರಯೋಗದಲ್ಲಿ ತೋರಿಸಿದ. ಅಕ್ಕನಿಗೂ ಬಿಲ್ಲಿನ ಜೊತೆ ಸ್ಯಾಂಪಲ್ ತುಂಬಿದ ಪುಟ್ಟ ಪೌಚ್ ಸಿಕ್ಕಿತು. ಅದನ್ನು ನೋಡಿಯೇ ಲಿಪ್‌ಸ್ಟಿಕ್ ಸೇರಿದ್ದು. ಆದರೆ ಲಿಪ್‌ಸ್ಟಿಕ್ ಹಚ್ಚಿ ನೋಡಿದಾಗ ಅವಳು ನಕ್ಕಳು. ಅವತ್ತಿನ 50 ನಿಮಿಷದಲ್ಲಿ ಅದೊಂದೇ ನಗು. ಅದನ್ನು ನಾನು ತಪ್ಪಿನ ಪಟ್ಟಿಗೆ ಸೇರಿಸುವುದಿಲ್ಲ.

ಎರಡನೇ ಭೇಟಿಯಲ್ಲಿ ಕೇಳಿದ್ದು

ನಾನು ಶೆಲ್ಫ್ ನೋಡುವವಳ ಹಾಗೆ ನಿಂತಿದ್ದಾಗ ಅದೇ ಹುಡುಗಿ ಬೇರೊಬ್ಬ ಹೆಂಗಸಿನ ಕೆನ್ನೆ ಒರೆಸುತ್ತಿದ್ದಳು. ದನಿ ಅಷ್ಟೇ ಮೆತ್ತಗೆ. "ಎಲ್ಲರನ್ನೂ ನೋಡ್ಕೊಳ್ತೀರಾ ಅನ್ಸುತ್ತೆ ಮೇಡಂ. ನಿಮ್ಮನ್ನ ಮಾತ್ರ ನೀವು ನೋಡ್ಕೊಂಡಿಲ್ಲ."

ಒಂದಕ್ಷರ ಬದಲಾಗಿರಲಿಲ್ಲ.

ಆಮೇಲೆ ಅವಳ ಜೊತೆ ಮಾತಾಡಿದೆ. ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು, ತಿಂಗಳಿಗೆ ಟಾರ್ಗೆಟ್ ಇದೆ, ಆ ಸಾಲು ತರಬೇತಿಯಲ್ಲಿ ಹೇಳಿಕೊಟ್ಟದ್ದು ಎಂದಳು. "ಆದ್ರೆ ಮೇಡಂ, ಬರೋರಲ್ಲಿ ಜಾಸ್ತಿ ಜನಕ್ಕೆ ಅದು ನಿಜಾನೇ ಆಗಿರುತ್ತೆ" ಅಂತಲೂ ಸೇರಿಸಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಸಾಲನ್ನು ಕೂತು ಬರೆದವರು ಯಾರೋ, ಅವರ ಮೇಲೆ ಬಂತು. ಅವರಿಗೆ ಹೆಣ್ಣುಮಕ್ಕಳ ದಣಿವು ಎಷ್ಟು ಚೆನ್ನಾಗಿ ಗೊತ್ತಿದೆ!

ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡು. ಅವಳು ಹೇಳಿದ್ದು ಸುಳ್ಳಲ್ಲವಲ್ಲ" ಅಂದಳು.

ಚಿತ್ರಗಳ ವಿಷಯದಲ್ಲಿ ಜಗತ್ತು ಸ್ವಲ್ಪ ಎಚ್ಚೆತ್ತಿದೆ. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2011ರಲ್ಲಿ ನಟಿ ಜೂಲಿಯಾ ರಾಬರ್ಟ್ಸ್ ಮತ್ತು ರೂಪದರ್ಶಿ ಕ್ರಿಸ್ಟಿ ಟರ್ಲಿಂಗ್ಟನ್ ಇದ್ದ, ಫೌಂಡೇಶನ್ ಎಂಬ ಮುಖಕ್ಕೆ ಹಚ್ಚುವ ಮೇಕಪ್ಪಿನ ಎರಡು ಜಾಹೀರಾತುಗಳನ್ನು ತಡೆಯಿತು. ತಿದ್ದಿದ್ದರಿಂದ ಪರಿಣಾಮ ಉತ್ಪ್ರೇಕ್ಷೆಯಾಗಿಲ್ಲ ಎಂದು ತೋರಿಸಲು ಕಂಪನಿಗೆ ಆಗಿರಲಿಲ್ಲ. ಅಮೆರಿಕದ ಸಿ.ವಿ.ಎಸ್. ಔಷಧಿ ಮಳಿಗೆಗಳು 2018ರ ಜನವರಿಯಲ್ಲಿ ಇನ್ನೂ ಮುಂದೆ ಹೋದವು. ತಮ್ಮ ಸೌಂದರ್ಯ ವಿಭಾಗದ ಚಿತ್ರಗಳಲ್ಲಿ ಮೈಯ ಆಕಾರ, ಚರ್ಮದ ಬಣ್ಣ, ಸುಕ್ಕು ಇವನ್ನು ತಿದ್ದುವುದಿಲ್ಲ, ತಿದ್ದದ ಚಿತ್ರಕ್ಕೆ ಒಂದು ಗುರುತು ಹಾಕುತ್ತೇವೆ ಎಂದು ಘೋಷಿಸಿದವು. ಬೇರೆ ಬ್ರ್ಯಾಂಡ್‌ಗಳ ಚಿತ್ರಗಳೂ 2020ರ ಕೊನೆಯೊಳಗೆ ತಿದ್ದಿದ್ದೋ ಅಲ್ಲವೋ ಎಂದು ಗೊತ್ತಾಗಬೇಕು ಎಂಬ ಗುರಿ ಇಟ್ಟುಕೊಂಡವು. ನಾರ್ವೆಯಲ್ಲಿ 2022ರ ಜುಲೈನಿಂದ ತಿದ್ದಿದ ಮೈಯ ಜಾಹೀರಾತಿಗೆ ಚೀಟಿ ಹಾಕುವುದು ಕಡ್ಡಾಯ.

ಇವೆಲ್ಲ ಒಳ್ಳೆಯ ಹೆಜ್ಜೆಗಳು, ಮನಸಾರೆ ಹೇಳುತ್ತೇನೆ. ಆದರೆ ಅಕ್ಕನ ಪ್ರಕರಣಕ್ಕೆ ಹಚ್ಚಿ ನೋಡಿದರೆ ಇವು ಪೋಸ್ಟರ್‌ವರೆಗೆ ಮಾತ್ರ ಬರುತ್ತವೆ. ಪೋಸ್ಟರ್ ನೋಡಿ ಅವಳು ಕೊಂಡದ್ದು ಏನೂ ಇಲ್ಲ. ಸೀರಮ್ ಮಾರಿದ್ದು ತಿದ್ದದ ಅವಳದೇ ಮುಖ. ಕಣ್ಣಿನ ಕ್ರೀಮು ಮಾರಿದ್ದು ಒಂದು ನಿಜವಾದ ಮಾತು. ಯಂತ್ರದ ಚಿತ್ರದ ಕೆಳಗೆ "ಇದು ರೋಗವಲ್ಲ, ಬಹುತೇಕ ಎಲ್ಲರಲ್ಲೂ ಹೀಗೆ ಕಾಣುತ್ತದೆ" ಎಂಬ ಒಂದು ಸಾಲು ಇರಲೇಬೇಕು ಎಂದು ನಿಯಮ ಮಾಡಬಹುದು, ಮಾಡಬೇಕು. ಲೆಕ್ಕ ತೋರಿಸದೆ ಚರ್ಮದ ವಯಸ್ಸು ಹೇಳುವುದನ್ನು ನಿಲ್ಲಿಸಬೇಕು. ಕೆನ್ನೆ ಒರೆಸುತ್ತಾ ಹೇಳುವ ಆ ಸಾಲಿಗೆ ಏನು ನಿಯಮ ಮಾಡುವುದು ಎಂದು ಮಾತ್ರ ನನಗೆ ಹೊಳೆಯುತ್ತಿಲ್ಲ.

ಈಗ ಮೂರು ತಿಂಗಳು ಕಳೆದಿದೆ. ಮಾಯಿಶ್ಚರೈಸರ್ ಖಾಲಿ, ಸನ್‌ಸ್ಕ್ರೀನ್ ಮುಗಿಯುತ್ತಾ ಬಂದಿದೆ. ಸೀರಮ್ ಅರ್ಧ ಬಾಟಲಿ ಹಾಗೇ ನಿಂತಿದೆ. ಕಣ್ಣಿನ ಕ್ರೀಮಿನ ಸೀಲು ಇನ್ನೂ ಒಡೆದಿಲ್ಲ. ಲಿಪ್‌ಸ್ಟಿಕ್ ಅನ್ನು ಅಕ್ಕ ಆಗಾಗ ಹಚ್ಚುತ್ತಾಳೆ, ಅವಳಿಗೆ ಒಪ್ಪುತ್ತದೆ. ಹೋದ ವಾರ ಅವಳ ಕಪಾಟಿನಲ್ಲಿ ಏನೋ ಹುಡುಕುವಾಗ ಆ ನೇರಳೆ ಮುಖದ ಕಾಗದ ಸಿಕ್ಕಿತು. ಮಡಿಕೆ ಬಿಡುವಷ್ಟು ಸವೆದಿತ್ತು. ಹರಿದು ಹಾಕಲಾ ಎಂದು ಕೇಳಿದೆ. ಅಕ್ಕ ಕೈ ಚಾಚಿ ಅದನ್ನು ಇಸಿದುಕೊಂಡು, ಇನ್ನೊಂದು ಸಲ ಬಿಡಿಸಿ ನೋಡಿ, ಇದ್ದ ಜಾಗದಲ್ಲೇ ಇಟ್ಟಳು.